ಸೌಮ್ಯ ಸಂವತ್ಸರದ ಒಂದು ಕಾಳಗ: ಕಲ್ಲು ನೆನೆದವರು, ಕಾವ್ಯ ನೆನೆದವರು

ಬಾಗಲಕೋಟೆಯಿಂದ ಗದ್ದನಕೇರಿಯನ್ನು ದಾಟಿ ಕಲಾದಗಿ, ಲೋಕಾಪುರಗಳ ಕಡೆಗೆ ಸಾಗುವ ದಾರಿಯಲ್ಲಿ ತುಳಸಿಗೇರಿ ಇದೆ. ಇಂದು ಆ ಊರು ಹನುಮಪ್ಪನ ಗುಡಿಯಿಂದಲೂ ಜಾತ್ರೆಯಿಂದಲೂ ಸುತ್ತಲಿನವರಿಗೆ ಪರಿಚಿತ. ಅದೇ ದಾರಿಯಲ್ಲಿ ಮುಂದುವರಿದರೆ ಮುಧೋಳ ಸಿಗುತ್ತದೆ. ಅದು ರನ್ನನ ಮುದುವೊಳಲು. ಹಿಂದಿರುಗಿ ನಡೆದರೆ ಬಾಗಲಕೋಟೆ. ಅದು ಶಾಸನಗಳ ಬಾಗಡಗೆ. ಆಗ್ನೇಯಕ್ಕೆ ಮಲಪ್ರಭೆಯ ದಂಡೆಯಲ್ಲಿ ಕಿಸುವೊಳಲು, ಎಂದರೆ ಪಟ್ಟದಕಲ್ಲು. ಶಾಸನಗಳು ಈ ಸೀಮೆಯನ್ನು ಬಾಗೆನಾಡು ಎಪ್ಪತ್ತು, ಕಿಸುಕಾಡು ಎಪ್ಪತ್ತು ಎಂದು ಹಳ್ಳಿಗಳ ಸಂಖ್ಯೆಯಿಂದ ಗುರುತಿಸುತ್ತವೆ. ಹತ್ತನೆಯ ಶತಮಾನದ ನಡುವಿನಲ್ಲಿ ಈ ಎರಡು ಎಪ್ಪತ್ತುಗಳು ಒಂದು ಯುದ್ಧದ ಮೆಚ್ಚುಗೆಯಾಗಿ ಗಂಗರ ಅರಸನೊಬ್ಬನಿಗೆ ಸಂದವು ಎಂದು ಒಂದು ಕಲ್ಲು ಹೇಳುತ್ತದೆ. ಯುದ್ಧ ನಡೆದದ್ದು ಇಲ್ಲಿಂದ ಬಹುದೂರ, ಇಂದಿನ ಅರಕ್ಕೋಣಂ ಸಮೀಪದ ತಕ್ಕೋಲದಲ್ಲಿ. ಅದನ್ನು ಹೇಳುವ ಕಲ್ಲು ನಿಂತದ್ದು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ. ಮೂರು ಊರುಗಳನ್ನು ಕಟ್ಟಿಹಾಕಿರುವುದು ಒಬ್ಬ ಯೋಧನ ಸಾವು. ಆ ಯೋಧ ಕನ್ನಡಿಗನಲ್ಲ, ಚೋಳರ ಯುವರಾಜ ರಾಜಾದಿತ್ಯ.

ಕಾಳಗದಲ್ಲಿ ಬಿದ್ದವನನ್ನು ಕನ್ನಡನಾಡು ಹೇಗೆ ಗೌರವಿಸಿತು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ವೀರಗಲ್ಲುಗಳನ್ನು ತೋರಿಸಲಾಗುತ್ತದೆ. ಅದು ತಪ್ಪಲ್ಲ. ಆದರೆ ವೀರಗಲ್ಲು ನೆನೆಯುವುದು ತನ್ನವನನ್ನು. ಎದುರಾಳಿಯಾಗಿ ಬಿದ್ದವನನ್ನು ನೆನೆಯುವ ಕೆಲಸ ಕಲ್ಲಿಗೆ ಒಗ್ಗಿದ್ದಲ್ಲ. ಅದನ್ನು ಕನ್ನಡದಲ್ಲಿ ಮಾಡಿದ್ದು ಕಾವ್ಯ. ಅದರಲ್ಲಿಯೂ ಈ ಬಾಗೆನಾಡಿನ ಪಕ್ಕದಲ್ಲಿ, ಆ ಕಾಳಗದ ಸಂವತ್ಸರದಲ್ಲಿಯೇ ಹುಟ್ಟಿದ ಒಬ್ಬ ಜೈನಕವಿಯ ಕಾವ್ಯ. ಈ ಎರಡು ಬಗೆಯ ನೆನಪುಗಳನ್ನು ಒಟ್ಟಿಗಿಟ್ಟು ನೋಡುವುದು ಅಗತ್ಯ.

ಮೊದಲು ಕಲ್ಲು. ಆತಕೂರು ಶಾಸನದ ಕಾಲ ಶಕವರ್ಷ 872, ಸೌಮ್ಯ ಸಂವತ್ಸರ, ಕ್ರಿ.ಶ. 949-50. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣ, ಎಂದರೆ ಕನ್ನರದೇವ, ಚೋಳರ ಮೇಲೆ ದಂಡೆತ್ತಿ ಹೋಗಿ ತಕ್ಕೋಲದಲ್ಲಿ ಕಾದಿದ. ಅವನ ಭಾವಮೈದುನ, ಗಂಗರ ಇಮ್ಮಡಿ ಬೂತುಗ, ಒಂದನೆಯ ಪರಾಂತಕನ ಮಗನಾದ ರಾಜಾದಿತ್ಯನನ್ನು ಕೊಂದ. ಅದಕ್ಕೆ ಮೆಚ್ಚಿ ಕನ್ನರದೇವನು ಅವನಿಗೆ ಬನವಾಸಿ ಪನ್ನಿರ್ಛಾಸಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು, ಕಿಸುಕಾಡು ಎಪ್ಪತ್ತು, ಬಾಗೆನಾಡು ಎಪ್ಪತ್ತು ಇವುಗಳನ್ನು ಕೊಟ್ಟ. ಇದು ಶಾಸನದ ಸಾರ.

ಇಲ್ಲಿಯೇ ಒಂದು ತೊಡಕಿದೆ. ನರಗುಂದ ಸೀಮೆಯ ಹೆಬ್ಬಾಳದಲ್ಲಿ ದೊರೆತ ಕ್ರಿ.ಶ. 975ರ ಶಾಸನವು ಪುಲಿಗೆರೆ, ಬೆಳ್ವೊಲ, ಕಿಸುಕಾಡು, ಬಾಗೆ ಈ ನಾಡುಗಳೇ ಬೂತುಗನಿಗೆ ಬಳುವಳಿಯಾಗಿ ಬಂದವೆನ್ನುತ್ತದೆ. ಕನ್ನರದೇವನ ತಂದೆ ಬದ್ದೆಗ ತನ್ನ ಮಗಳು ರೇವಕನಿಮ್ಮಡಿಯನ್ನು ಬೂತುಗನಿಗೆ ಮದುವೆ ಮಾಡಿಕೊಟ್ಟಾಗ ಇವನ್ನು ಕೊಟ್ಟನಂತೆ. ಹಾಗಾದರೆ ತುಳಸಿಗೇರಿಯ ಸುತ್ತಲಿನ ನಾಡು ಹೆಣ್ಣಿನ ಮದುವೆಯ ಉಡುಗೊರೆಯೋ, ಗಂಡಿನ ಕೈದುವಿನ ಗಳಿಕೆಯೋ? ಮೊದಲು ಬಳುವಳಿಯಾಗಿ ಬಂದದ್ದನ್ನು ತಕ್ಕೋಲದ ನಂತರ ಕನ್ನರದೇವ ಸ್ಥಿರಪಡಿಸಿ ಬನವಾಸಿಯನ್ನು ಕೂಡಿಸಿರಬೇಕು ಎಂದು ಎರಡನ್ನೂ ಹೊಂದಿಸಿ ಹೇಳಬಹುದು. ಆದರೆ ಆತಕೂರಿನ ಬರಹಗಾರನಿಗೆ ಮದುವೆಯ ಮಾತು ಬೇಕಿರಲಿಲ್ಲ. ಯುದ್ಧದ ಕಲ್ಲು ಎಲ್ಲವನ್ನೂ ಯುದ್ಧದ ಲೆಕ್ಕಕ್ಕೇ ಬರೆದುಕೊಳ್ಳುತ್ತದೆ. ಇದು ಶಾಸನ ಓದುವವರು ಮೊದಲು ಕಲಿಯಬೇಕಾದ ಎಚ್ಚರ.

ರಾಜಾದಿತ್ಯ ಸತ್ತದ್ದು ಹೇಗೆ ಎಂಬುದರ ವಾಚನಕ್ಕೂ ಒಂದು ಚರಿತ್ರೆಯಿದೆ. ಫ್ಲೀಟ್ ಮೊದಲು ಈ ಶಾಸನವನ್ನು ಪ್ರಕಟಿಸಿದಾಗ ಆ ಭಾಗವನ್ನು ಓದಿದ ರೀತಿಯಲ್ಲಿ ಬೂತುಗನು ಮೋಸದಿಂದ ಇರಿದನೆಂಬ ಅರ್ಥ ಹೊರಟಿತ್ತು. ಆ ಅರ್ಥ ಹಲವು ಚರಿತ್ರೆಯ ಪುಸ್ತಕಗಳನ್ನು ಸೇರಿ ಕೆಲಕಾಲ ಬೂತುಗ ವಿಶ್ವಾಸಘಾತುಕನಾಗಿಯೇ ಉಳಿದ. ಮರುವಾಚನದಲ್ಲಿ ಅದು ‘ಬಿಸುಗೆ’ ಎಂಬ ಹಳಗನ್ನಡ ಶಬ್ದ, ಆನೆಯ ಮೇಲಿನ ಅಂಬಾರಿ, ಎಂಬುದು ಸ್ಪಷ್ಟವಾಯಿತು. ಅಂಬಾರಿಯೇ ರಣರಂಗವಾಯಿತು, ಅಲ್ಲಿಯೇ ಇರಿದು ಕೊಂದ ಎಂಬುದು ಸರಿಯಾದ ಅರ್ಥ. ಒಂದೆರಡು ಅಕ್ಷರಗಳ ಓದಿನಲ್ಲಿ ಒಬ್ಬನ ಮಾನವೂ ಇನ್ನೊಬ್ಬನ ಮರಣವೂ ಬೇರೆಯಾಗಿಬಿಟ್ಟಿದ್ದವು. ಹಳಗನ್ನಡದ ಪಾಠಗಳಲ್ಲಿ ಶಬ್ದಾರ್ಥಕ್ಕೆ ಇಷ್ಟೇಕೆ ಹಟ ಎಂದು ಕೇಳುವ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಸರಿಯಾದ ಅರ್ಥಕ್ಕೆ ಎದುರು ಪಕ್ಷದಿಂದಲೇ ಬೆಂಬಲವಿದೆ. ಚೋಳರ ಲೇಡನ್ ತಾಮ್ರಶಾಸನವು ರಾಜಾದಿತ್ಯ ಆನೆಯ ಬೆನ್ನ ಮೇಲಿದ್ದಾಗ ಎದೆಗೆ ಬಾಣ ನಟ್ಟು ವೀರಸ್ವರ್ಗ ಸೇರಿದನೆನ್ನುತ್ತದೆ. ತಮಿಳು ಶಾಸನಗಳಲ್ಲಿ ಅವನಿಗೆ ಬಂದ ವಿಶೇಷಣವೇ ‘ಆನೈಮೇಲ್ ತುಂಜಿನ’, ಎಂದರೆ ಆನೆಯ ಮೇಲೆ ಮಡಿದ ಎಂಬುದು. ಸೋತ ಯುದ್ಧದಲ್ಲಿ ಸತ್ತ ರಾಜಕುಮಾರನಿಗೆ ಅವನ ಸಾವಿನ ಸ್ಥಳವೇ ಬಿರುದಾಯಿತು. ಇಲ್ಲಿ ಗಮನಿಸಬೇಕಾದದ್ದು ಇನ್ನೊಂದಿದೆ. ಕನ್ನಡದ ಕಲ್ಲಿನಲ್ಲಿ ಕೊಂದವನು ಬೂತುಗ. ಚೋಳರ ತಾಮ್ರಪಟದಲ್ಲಿ ಬಾಣ ಬಿಟ್ಟವನು ಸ್ವತಃ ಕೃಷ್ಣರಾಜ. ತಮ್ಮ ಕುಮಾರ ಮಡಿದದ್ದು ಚಕ್ರವರ್ತಿಯ ಕೈಯಲ್ಲಿ, ಮಾಂಡಲಿಕನ ಕೈಯಲ್ಲಲ್ಲ ಎನ್ನುವುದೂ ಸತ್ತವನಿಗೆ ತೋರಿದ ಒಂದು ಮರ್ಯಾದೆಯೇ ಇರಬೇಕು. ಗೆದ್ದವರಿಗೆ ಕೊಂದವನ ಹೆಸರು ಮುಖ್ಯ, ಸೋತವರಿಗೆ ಸತ್ತವನ ಘನತೆ.

ಇಷ್ಟೆಲ್ಲ ಹೇಳಿದ ಆತಕೂರಿನ ಕಲ್ಲು ನಿಲ್ಲಿಸಿದ್ದು ಯಾರಿಗಾಗಿ? ಬೂತುಗನಿಗಾಗಿ ಅಲ್ಲ, ಅವನು ಬದುಕಿದ್ದ. ತಕ್ಕೋಲದಲ್ಲಿ ಮುಂದೆ ನಿಂತು ಕಾದಿದ ಸಗರವಂಶದ ಮಣಲೇರನಿಗಾಗಿಯೂ ಅಲ್ಲ; ಅವನೂ ಬದುಕಿ ಬಂದಿದ್ದ. ಅವನ ಪರಾಕ್ರಮಕ್ಕೆ ಒಡೆಯ ಮೆಚ್ಚಿ ಬೇಕಾದುದನ್ನು ಕೇಳಿಕೋ ಎಂದಾಗ ಮಣಲೇರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಬೆಳತೂರಿನ ಬೆಟ್ಟದ ಬಳಿ ಕಾಳಿಯನ್ನು ಹಂದಿಯ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಒಟ್ಟಿಗೆ ಸತ್ತವು. ಆ ನಾಯಿಗಾಗಿ ಆತಕೂರಿನ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನೆಡಿಸಿ ಎರಡು ಖಂಡುಗ ಮಣ್ಣನ್ನು ದತ್ತಿ ಬಿಡಲಾಯಿತು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿ ಗೈದ ಪಾಪ ಅವನಿಗೆ ತಟ್ಟಲಿ ಎಂಬ ಶಾಪವೂ ಇದೆ. ಈಗ ಈ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಯೂ ಹಂದಿಯೂ ಒಂದನ್ನೊಂದು ಕಚ್ಚಿ ಹಿಡಿದ ಶಿಲ್ಪವನ್ನು ಅದರ ಮೇಲೆ ಕಾಣಬಹುದು.

ನಾಯಿಗೆ ಕಲ್ಲು ನಿಲ್ಲಿಸಿದ್ದನ್ನು ವಿಚಿತ್ರವೆಂದು ತೋರಿಸಿ ನಗುವ ಬರಹಗಳು ಬಂದಿವೆ. ನಗುವ ಕಾರಣವಿಲ್ಲ. ಮಣಲೇರನಿಗೆ ತನ್ನ ಜೀವಮಾನದ ಮೆಚ್ಚುಗೆಯಾಗಿ ದೊರೆತ ಜೀವ ಅದು; ಅದು ಬೆನ್ನು ತೋರದೆ ಸತ್ತಿತು. ಅವನು ಕಲ್ಲಿನ ಮೇಲೆ ಬರೆಸಿದ ವೃತ್ತಾಂತದಲ್ಲಿ ಅವನ ಒಡೆಯನ ಗೆಲುವು, ಅವನ ಸ್ವಂತ ಸಾಹಸ, ನಾಯಿಯ ಸಾವು ಮೂರೂ ಒಂದೇ ಎಳೆಯಲ್ಲಿವೆ. ನಿಜವಾಗಿ ವಿಚಾರ ಮಾಡಬೇಕಾದ ಸಂಗತಿ ಬೇರೆ. ತಕ್ಕೋಲದಲ್ಲಿ ಎರಡೂ ಕಡೆ ಬಿದ್ದ ಕಾಲಾಳುಗಳು, ಮಾವುತರು, ರಾವುತರು ಎಷ್ಟು ಮಂದಿಯೋ. ಅವರಲ್ಲಿ ಒಬ್ಬನ ಹೆಸರೂ ಈ ಕಲ್ಲಿನಲ್ಲಿಲ್ಲ. ಆ ಯುದ್ಧದ ಅತ್ಯಂತ ಪ್ರಸಿದ್ಧ ಕನ್ನಡ ದಾಖಲೆ ಹೆಸರಿಟ್ಟು ನೆನೆಯುವ ಸಾವುಗಳು ಶತ್ರುಕುಮಾರನದೊಂದು, ನಾಯಿಯದೊಂದು. ಕೊನೆಯಲ್ಲಿ ಮಾತ್ರ ಬೂತುಗ ತನ್ನ ಅಣ್ಣ ರಾಚಮಲ್ಲನನ್ನು ಕೊಂದು ಗಂಗವಾಡಿಯನ್ನು ಆಳುತ್ತಿದ್ದ ಸಂಗತಿ ಸೇರಿಕೊಳ್ಳುತ್ತದೆ. ಅಣ್ಣನ ಸಾವಿಗೆ ಅಲ್ಲಿ ಮರುಕದ ಮಾತಿಲ್ಲ.

ಹೆಸರಿಲ್ಲದ ಆ ಸೈನಿಕರಿಗೆ ನ್ಯಾಯ ಒದಗಿಸುವ ವ್ಯವಸ್ಥೆ ಇರಲೇ ಇಲ್ಲವೆಂದಲ್ಲ. ವೀರಗಲ್ಲಿನ ಸಂಪ್ರದಾಯ ಅದೇ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅವನನ್ನು ಮೇಲಕ್ಕೆ ಒಯ್ಯುವ ಅಪ್ಸರೆಯರು, ಮೇಲೆ ಅವನು ಸೇರಿದ ಲೋಕ. ಆದರೆ ಕಲ್ಲಿನಷ್ಟೇ ಮುಖ್ಯವಾದದ್ದು ಕಲ್ಲಿನ ಜೊತೆಗೆ ಬರುವ ಮಣ್ಣು. ಬಾಳ್ಗಚ್ಚು, ಕಲ್ನಾಡು, ನೆತ್ತರುಕೊಡಗೆ ಎಂಬ ಶಬ್ದಗಳು ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಬಾಳನ್ನು, ಎಂದರೆ ಕತ್ತಿಯನ್ನು, ತೊಳೆದುದಕ್ಕೆ ಕೊಡುವ ಭೂಮಿ ಬಾಳ್ಗಚ್ಚು. ಮಣಲೇರನಿಗೆ ಆತಕೂರು ಹನ್ನೆರಡೂ ಬೆಳ್ವೊಲ ನಾಡಿನ ಒಂದು ಊರೂ ಹೀಗೆಯೇ ಬಂದವು. ರಕ್ತ ಸುರಿಸಿದವನ ಮನೆಯವರಿಗೆ ಸಲ್ಲುವುದು ನೆತ್ತರುಕೊಡಗೆ. ಬೆಂಗಳೂರು ಬಳಿಯ ಬೇಗೂರಿನ ಪ್ರಸಿದ್ಧ ಕಲ್ಲು ಇದಕ್ಕೆ ಸ್ಪಷ್ಟ ನಿದರ್ಶನ. ಗಂಗರ ಎರೆಯಪನ ಆಣತಿಯಂತೆ ಅಯ್ಯಪದೇವನ ನೆರವಿಗೆ ಹೋದ ನಾಗತ್ತರ, ವೀರಮಹೇಂದ್ರನ ಸೈನ್ಯದೊಡನೆ ತುಂಬೆಪಾಡಿಯಲ್ಲಿ ಕಾದಿ ಆನೆಗಳ ನಡುವೆ ಬಿದ್ದ. ಸುದ್ದಿ ಕೇಳಿದ ಎರೆಯಪ ಇರುಗನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟ. ಸತ್ತವನ ಸ್ಥಾನ ಬರಿದಾಗಿ ಉಳಿಯಲಿಲ್ಲ, ಆ ಸ್ಥಾನಕ್ಕೆ ಅವನ ಹೆಸರೇ ಉಳಿಯಿತು. ಗೌರವವೆಂಬುದು ಇಲ್ಲಿ ಹೊಗಳಿಕೆಯಲ್ಲ, ಹಕ್ಕು. ಗಡಿಗಳನ್ನು ಹೆಸರಿಸಿ ಬರೆದುಕೊಟ್ಟ ಹಕ್ಕು.

ಈ ಒಪ್ಪಂದದ ಇನ್ನೊಂದು ತುದಿ ಜೋಳವಾಳಿ. ಒಡೆಯನ ಜೋಳವನ್ನು ಉಂಡವನು ಆ ಋಣವನ್ನು ಪ್ರಾಣದಿಂದ ತೀರಿಸಬೇಕೆಂಬ ಕಟ್ಟಳೆ. ಪಂಪನ ವಿಕ್ರಮಾರ್ಜುನವಿಜಯದ ಕರ್ಣನನ್ನು ಅರಿಯಬೇಕಾದರೆ ಈ ಶಬ್ದವನ್ನು ಅರಿಯಲೇಬೇಕು. ಬಿಳಿಜೋಳದ ಹೊಲಗಳ ನಡುವೆ ಬೆಳೆದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾವ್ಯವಿಮರ್ಶೆಯಲ್ಲಿ ಅದು ಸ್ವಾಮಿನಿಷ್ಠೆ ಎಂಬ ಸಂಸ್ಕೃತ ಪದವಾಗಿ ಸ್ವಲ್ಪ ತೆಳುವಾಗುತ್ತದೆ. ಜೋಳವಾಳಿ ಎಂದಾಗ ಅನ್ನದ ಲೆಕ್ಕ ಇದೆ, ಮನೆಯ ಒಲೆ ಇದೆ. ಒಡೆಯ ಜೋಳ ಕೊಟ್ಟ, ಆಳು ಪ್ರಾಣ ಕೊಟ್ಟ, ಒಡೆಯ ಮತ್ತೆ ಮಣ್ಣು ಕೊಡಬೇಕು. ವೀರಗಲ್ಲು ಈ ಸರಪಳಿಯ ಕೊನೆಯ ಕೊಂಡಿ.

ಜೈನರು ಈ ಸರಪಳಿಯೊಳಗೆ ಹೇಗೆ ಸೇರಿಕೊಂಡರು? ಹತ್ತನೆಯ ಶತಮಾನದ ಕರ್ನಾಟಕದಲ್ಲಿ ಈ ಪ್ರಶ್ನೆ ಪುಸ್ತಕದ್ದಲ್ಲ, ಮನೆಯದು. ರಾಜಾದಿತ್ಯನನ್ನು ಅಂಬಾರಿಯಲ್ಲಿ ಇರಿದ ಬೂತುಗ ಜೈನಶಾಸ್ತ್ರವನ್ನು ಬಲ್ಲವನು. ವಾದದಲ್ಲಿ ಏಕಾಂತಮತದವರನ್ನು ಗೆದ್ದವನೆಂದು ಅವನ ಮಗ ಮಾರಸಿಂಹನ ಕೂಡಲೂರು ತಾಮ್ರಪಟ ಹೊಗಳುತ್ತದೆ. ಅವನ ಅಕ್ಕ ಪಾಂಬಬ್ಬೆ ಕೇಶಲೋಚ ಮಾಡಿಕೊಂಡು 30 ವರ್ಷ ತಪಸ್ಸಿನಲ್ಲಿದ್ದು 971ರಲ್ಲಿ ದೇಹ ಬಿಟ್ಟಳೆಂದು ಕಡೂರಿನ ಶಾಸನ ಹೇಳುತ್ತದೆ. ಎಂದರೆ ತಮ್ಮ ತಕ್ಕೋಲದಲ್ಲಿ ಕಾದುತ್ತಿದ್ದಾಗ ಅಕ್ಕ ಆಗಲೇ ತಪಸ್ವಿನಿ. ಮಾರಸಿಂಹ ಎಷ್ಟೋ ಯುದ್ಧಗಳನ್ನು ಗೆದ್ದು ಕಡೆಗೆ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನದಿಂದ ಮಡಿದ. ಕನ್ನರದೇವನ ಮೊಮ್ಮಗ, ರಾಷ್ಟ್ರಕೂಟರ ಕೊನೆಯವನಾದ ನಾಲ್ಕನೆಯ ಇಂದ್ರ 982ರಲ್ಲಿ ಶ್ರವಣಬೆಳಗೊಳದಲ್ಲಿ ಅದೇ ದಾರಿ ಹಿಡಿದ. ಒಂದೇ ಬಂಧುಬಳಗದಲ್ಲಿ ಕತ್ತಿಯ ಸಾವು, ವ್ರತದ ಸಾವು ಎರಡೂ ಅಕ್ಕಪಕ್ಕದಲ್ಲಿ ಕುಳಿತಿವೆ.

ಶ್ರಾವಕನಿಗೆ ಬೇಕೆಂದೇ ಮಾಡುವ ಸಂಕಲ್ಪೀ ಹಿಂಸೆ ಮಾತ್ರ ಸಂಪೂರ್ಣ ವರ್ಜ್ಯ. ನಾಡನ್ನೂ ನಂಬಿದವರನ್ನೂ ಕಾಯುವಾಗ ಒದಗುವ ವಿರೋಧೀ ಹಿಂಸೆಯಿಂದ ಗೃಹಸ್ಥ ಪೂರ್ತಿ ತಪ್ಪಿಸಿಕೊಳ್ಳಲಾರ ಎಂಬುದು ಶಾಸ್ತ್ರದ ಸಮಾಧಾನ. ಅದು ಸರಿಯೇ. ಆದರೂ ದಾಳಿಯ ಯುದ್ಧವಾದ ತಕ್ಕೋಲವನ್ನು ಅದರ ಅಡಿಯಲ್ಲಿ ತರುವುದು ಕಷ್ಟ. ಈ ಇಕ್ಕಟ್ಟು ಆ ಕಾಲದವರಿಗೆ ತಿಳಿದಿರಲಿಲ್ಲವೆಂದು ಭಾವಿಸಬಾರದು. ತಕ್ಕೋಲಕ್ಕೆ ಎಂಟು ವರ್ಷ ಮೊದಲು, 941ರಲ್ಲಿ, ಪಂಪ ಆದಿಪುರಾಣವನ್ನು ಬರೆದ. ಅದರಲ್ಲಿ ಭರತ ಬಾಹುಬಲಿಗಳ ಸೈನ್ಯಗಳು ಎದುರುಬದುರು ನಿಂತಾಗ ಮಂತ್ರಿಗಳು ನಡುವೆ ಬರುತ್ತಾರೆ. ಇಬ್ಬರು ಚರಮದೇಹಿಗಳಿಗೆ ಯುದ್ಧದಿಂದ ಆಗುವುದೇನೂ ಇಲ್ಲ, ಸಾಯುವವರು ಸೈನಿಕರು. ಆದ್ದರಿಂದ ದೃಷ್ಟಿ, ಜಲ, ಮಲ್ಲಯುದ್ಧಗಳಲ್ಲಿ ನೀವೇ ತೀರ್ಮಾನಿಸಿಕೊಳ್ಳಿ ಎನ್ನುವುದು ಅವರ ಸಲಹೆ. ಸೈನಿಕನನ್ನು ಸಾಯಗೊಡದಿರುವುದೇ ಅವನಿಗೆ ಸಲ್ಲಿಸುವ ಮೊದಲ ಗೌರವ ಎಂಬ ಮಾತು ಕನ್ನಡದ ಮೊದಲ ಮಹಾಕವಿಯಲ್ಲಿಯೇ ಬಂದಿದೆ. ಆ ಬಾಹುಬಲಿಯ ವಿಗ್ರಹವನ್ನು ವಿಂಧ್ಯಗಿರಿಯ ಮೇಲೆ ಕಡೆಸಿದವನು ಚಾವುಂಡರಾಯ, ಗಂಗರ ದಂಡನಾಯಕ. ಎಷ್ಟೋ ಕಾಳಗಗಳನ್ನು ಕಂಡವನು ಗೆದ್ದ ಮೇಲೆ ಬಿಟ್ಟುಕೊಟ್ಟವನ ಮೂರ್ತಿಯನ್ನು ನಿಲ್ಲಿಸಿದ.

ಹಾಗೆಂದು ಜೈನರು ವೀರಗಲ್ಲನ್ನು ಬಿಡಲಿಲ್ಲ. ಅಪ್ಸರೆಯರು ಹಾಗೆಯೇ ಉಳಿದರು. ಮೇಲಿನ ಪಟ್ಟಿಕೆಯಲ್ಲಿ ಲಿಂಗವಿರುವ ಕಡೆ ಜಿನಬಿಂಬ ಬಂತು. ಶ್ರವಣಬೆಳಗೊಳದ ಒಂದು ಕಲ್ಲು ಇನ್ನೂ ಮುಂದೆ ಹೋಗಿ ಒಬ್ಬ ಶ್ರಾವಕಿಯ ರಣಮರಣವನ್ನು ನೆನೆಯುತ್ತದೆ. ಬಾಯಿಕನ ಮಗಳು, ಲೋಕವಿದ್ಯಾಧರನ ಹೆಂಡತಿ ಸಾವಿಯಬ್ಬೆ ಗಂಡನೊಡನೆ ಬಗೆಯೂರಿನ ಕಾಳಗಕ್ಕೆ ಹೋಗಿ ಹೋರಾಡಿ ಸತ್ತಳು. ಕುದುರೆಯ ಮೇಲೆ ಕುಳಿತು ಕತ್ತಿ ಎತ್ತಿದ ಹೆಣ್ಣು, ಎದುರಿಗೆ ಆನೆಯ ಮೇಲೊಬ್ಬ ಯೋಧ. ಶಿಲ್ಪ ಇದನ್ನು ಮರೆಮಾಚದೆ ತೋರಿಸುತ್ತದೆ. ಬರಹ ಅವಳನ್ನು ರೇವತಿ, ದೇವಕಿ, ಸೀತೆ, ಅರುಂಧತಿಯರಿಗೆ ಹೋಲಿಸುತ್ತದೆ, ಜಿನಭಕ್ತಿಯನ್ನು ಹೊಗಳುತ್ತದೆ. ಅವಳು ಕೊಂದವರ ಲೆಕ್ಕ ಅಲ್ಲಿ ಮುಖ್ಯವಾಗಿಲ್ಲ. ಸತ್ತವಳ ಗುಣವನ್ನು ಹೇಳಿ ಕೊಲೆಯ ವರ್ಣನೆಯನ್ನು ಶಿಲ್ಪಕ್ಕೆ ಬಿಟ್ಟುಕೊಟ್ಟ ಈ ಹಂಚಿಕೆ ಜೈನ ಮನಸ್ಸಿನ ಹೊಂದಾಣಿಕೆಯಂತೆ ತೋರುತ್ತದೆ.

ಕಲ್ಲಿನಿಂದ ಹೊತ್ತಗೆಗೆ ಬಂದರೆ ಇದೇ ಹೊಂದಾಣಿಕೆ ಇನ್ನೊಂದು ರೂಪದಲ್ಲಿ ಸಿಗುತ್ತದೆ. ರನ್ನನ ಅಜಿತಪುರಾಣ 993ರಲ್ಲಿ ಅತ್ತಿಮಬ್ಬೆಯ ಆಶ್ರಯದಲ್ಲಿ ರಚಿತವಾದ ತೀರ್ಥಂಕರ ಚರಿತೆ. ಅದರಲ್ಲಿ ಕವಿ ಆಶ್ರಯದಾತೆಯ ವಂಶವನ್ನು ವಿವರವಾಗಿ ಹೇಳುತ್ತಾನೆ. ಅವಳ ತಂದೆ ಮಲ್ಲಪ, ಚಿಕ್ಕಪ್ಪ ಪುನ್ನಮಯ್ಯ. ಈ ಅಣ್ಣತಮ್ಮಂದಿರು ತಮ್ಮ ಗುರು ಜಿನಚಂದ್ರದೇವರ ನೆನಪಿಗೆ ಪೊನ್ನನಿಂದ ಶಾಂತಿಪುರಾಣವನ್ನು ಬರೆಸಿದವರು. ಪುನ್ನಮಯ್ಯ ಮುಂದೆ ತನ್ನೊಡೆಯ ತೈಲಪನಿಗಾಗಿ ಕಾವೇರಿಯ ತೀರದಲ್ಲಿ ಗೋವಿಂದರನೊಡನೆ ಕಾದಿ ಮಡಿದ. ಸಾಹಿತ್ಯಚರಿತ್ರೆಯಲ್ಲಿ ಪೊನ್ನನ ಪೋಷಕನೆಂದು ಒಂದು ಸಾಲಿನಲ್ಲಿ ಮುಗಿದುಹೋಗುವ ಈ ಪುನ್ನಮಯ್ಯ ರಣದಲ್ಲಿ ಬಿದ್ದ ಯೋಧನೆಂಬುದನ್ನು ನಾವು ತಿಳಿಯುವುದು ರನ್ನನಿಂದ. ಇಂದ್ರಿಯಗಳನ್ನು ಗೆದ್ದ ಎರಡನೆಯ ಜಿನನ ಕಥೆಯ ಜೊತೆಯಲ್ಲಿ ಒಬ್ಬ ಸೈನಿಕನ ಸಾವಿಗೂ ಜಾಗ ಮಾಡಿಕೊಡುವುದು ಕವಿಗೆ ಅಸಂಗತವೆನಿಸಲಿಲ್ಲ. ಅದೇ ವಂಶಕಥನದಲ್ಲಿ ಅತ್ತಿಮಬ್ಬೆಯ ಗಂಡ ನಾಗದೇವನ ಸಾಹಸಗಳೂ ಅವನು ತೀರಿದಾಗ ಸವತಿಯೂ ತಂಗಿಯೂ ಆದ ಗುಂಡಮಬ್ಬೆ ಸಹಗಮನ ಮಾಡಿದ್ದೂ ಬರುತ್ತವೆ. ಅತ್ತಿಮಬ್ಬೆ ಉಳಿದು ಮಗ ಅಣ್ಣಿಗದೇವನನ್ನು ಬೆಳೆಸಿದಳು, ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿದಳು, ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದಳು. ಚಿಕ್ಕಪ್ಪನೂ ಸೇರಿ ಬರೆಸಿದ ಕೃತಿಯನ್ನು ಮನೆಮನೆಗೆ ಹಂಚಿದ್ದು ಆ ಮನೆತನದ ಗಂಡಸರಿಗೆ ಅವಳು ನಿಲ್ಲಿಸಿದ ಕಲ್ಲು ಎನ್ನಬಹುದು.

ಈ ರನ್ನ ಹುಟ್ಟಿದ್ದು ಮುದುವೊಳಲಿನಲ್ಲಿ, ಬಳೆಗಾರರ ಮನೆಯಲ್ಲಿ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಹುಟ್ಟಿದ ವರ್ಷವನ್ನು ಅವನೇ ಹೇಳಿದ್ದಾನೆ: ಸೌಮ್ಯ ಸಂವತ್ಸರ. ಆತಕೂರಿನ ಕಲ್ಲಿನಲ್ಲಿರುವ ಸೌಮ್ಯ ಸಂವತ್ಸರವೇ ಅದು. ಹೆಸರಿಗೆ ಸೌಮ್ಯವಾದ ಆ ವರ್ಷದಲ್ಲಿ ದಕ್ಷಿಣದ ಒಂದು ದೊಡ್ಡ ಕಾಳಗದ ವೃತ್ತಾಂತ ಕಲ್ಲಿಗೆ ಇಳಿಯಿತು. ಬೂತುಗನಿಗೆ ಬಂದ ಬಾಗೆನಾಡಿನ ನೆರೆಯಲ್ಲಿ ಒಂದು ಮಗು ಹುಟ್ಟಿತು. ಕಾಕತಾಳೀಯವೇ ಸರಿ, ಅದರಿಂದ ಏನನ್ನೂ ಸಾಧಿಸಲಾಗದು. ಆದರೆ ಆ ಮಗು ಬೆಳೆದು ದಕ್ಷಿಣಕ್ಕೆ ಹೋಗಿ ಅಜಿತಸೇನರ ಶಿಷ್ಯನಾಗಿ, ಚಾವುಂಡರಾಯನ ಆಶ್ರಯ ಪಡೆದು, ಅದೇ ಗಂಗರ ಬಳಗದ ಮಾತುಕತೆಯ ನಡುವೆ ವಿದ್ಯೆ ಕಲಿತದ್ದು ಕಾಕತಾಳೀಯವಲ್ಲ. ತಕ್ಕೋಲದ ಕಥೆಯನ್ನು ಕೇಳದೆ ಅವನು ಅಲ್ಲಿ ಬೆಳೆದಿರಲಾರ.

ಸಾಹಸಭೀಮವಿಜಯ, ಎಂದರೆ ಗದಾಯುದ್ಧ, ಚಾಳುಕ್ಯ ಸತ್ಯಾಶ್ರಯ ಇರಿವಬೆಡಂಗನನ್ನು ಭೀಮನಿಗೆ ಸಮೀಕರಿಸಿ ಬರೆದ ಕಾವ್ಯ. ಹೆಸರಿನಲ್ಲಿಯೇ ವಿಜಯವಿದೆ. ಆದರೆ ಓದುಗರ ಮನಸ್ಸಿನಲ್ಲಿ ಉಳಿಯುವುದು ವಿಜಯವಲ್ಲ, ದುರ್ಯೋಧನ ಸಂಜಯನೊಡನೆ ಹೆಣಗಳ ನಡುವೆ ನಡೆಯುವ ಭಾಗ. ತಂದೆತಾಯಿಗಳು ಸಂಧಿ ಮಾಡಿಕೊಳ್ಳೆಂದು ಬೇಡಿದ್ದಾರೆ. ಭೀಷ್ಮನನ್ನು ಕಾಣಲು ಅವನು ಹೊರಟಿದ್ದಾನೆ. ಹನ್ನೊಂದು ಅಕ್ಷೋಹಿಣಿಯ ಒಡೆಯ ಈಗ ರಕ್ತದ ಕೆಸರಿನಲ್ಲಿ ಕಾಲಿಡಲು ಜಾಗ ಹುಡುಕುತ್ತಾನೆ. ಮರುಳುಗಳು ಅವನನ್ನು ಅಣಕಿಸುತ್ತವೆ. ಆಮೇಲೆ ಒಂದೊಂದೇ ಹೆಣ. ದ್ರೋಣ, ಅಭಿಮನ್ಯು, ಲಕ್ಷಣಕುಮಾರ, ದುಶ್ಶಾಸನ, ಕರ್ಣ.

ಈ ಸಾಲಿನಲ್ಲಿ ನಾಲ್ವರು ತನ್ನವರು, ಒಬ್ಬ ಶತ್ರು. ಆ ಶತ್ರುವಿನ ಮುಂದೆ ದುರ್ಯೋಧನ ಕೈಮುಗಿಯುತ್ತಾನೆ. ಚಕ್ರವ್ಯೂಹವನ್ನು ಹೊಕ್ಕು ಕಾದಿದ ಈ ಹುಡುಗನಿಗೆ ಎಣೆಯಿಲ್ಲವೆನ್ನುತ್ತಾನೆ, ಇಂಥವನನ್ನು ಹೆತ್ತ ತಾಯಿಯನ್ನು ನೆನೆಯುತ್ತಾನೆ, ಆ ಸಾಹಸದ ಒಂದು ಪಾಲಿನಷ್ಟಾದರೂ ಇರುವ ಸಾವು ತನಗೆ ಬರಲೆಂದು ಬೇಡುತ್ತಾನೆ. ಅಭಿಮನ್ಯು ಸತ್ತದ್ದು ದುರ್ಯೋಧನನ ಪಕ್ಷದವರಿಂದ, ಹಲವರು ಒಬ್ಬನನ್ನು ಮುತ್ತಿ. ಕೊಂದ ಪಕ್ಷದ ಅರಸ ಕೊಲೆಯ ಜಾಗದಲ್ಲಿಯೇ ನಿಂತು ಸತ್ತವನಿಗೆ ತಲೆಬಾಗುವ ಈ ಸನ್ನಿವೇಶ ಆತಕೂರಿನ ಕಲ್ಲಿನಲ್ಲಿ ಸಿಗುವಂಥದಲ್ಲ. ಅಲ್ಲಿ ರಾಜಾದಿತ್ಯನ ಸಾವು ಬೂತುಗನ ಬಿರುದಿಗೆ ಒದಗಿದ ಸಾಮಗ್ರಿ. ಅವನು ಎಂಥ ಯೋಧನಾಗಿದ್ದನೆಂದು ಅರಿಯಲು ಚೋಳರ ತಾಮ್ರಪಟಕ್ಕೇ ಹೋಗಬೇಕು. ರನ್ನನಲ್ಲಿ ಅದಕ್ಕಾಗಿ ಎದುರು ಪಾಳೆಯಕ್ಕೆ ಹೋಗಬೇಕಾಗಿಲ್ಲ.

ಅಭಿಮನ್ಯುವಿನ ಪಕ್ಕದಲ್ಲಿಯೇ ಲಕ್ಷಣಕುಮಾರನನ್ನು ಇಟ್ಟದ್ದೂ ಯೋಚಿಸಿ ಮಾಡಿದ್ದು. ಶತ್ರುವಿನ ಮಗನಿಗೆ ಹೊಗಳಿಕೆ ಸಲ್ಲಿಸಿದವನಿಗೆ ತನ್ನ ಮಗನ ಮುಂದೆ ಹೊಗಳಿಕೆಯ ಮಾತೇ ಹೊರಡುವುದಿಲ್ಲ. ಮಗ ತಂದೆಗೆ ನೀರು ಬಿಡಬೇಕಾದ ಕ್ರಮವನ್ನು ತಲೆಕೆಳಗು ಮಾಡಿಬಿಟ್ಟೆಯಲ್ಲ ಎಂಬ ಸಂಕಟ ಮಾತ್ರ ಉಳಿಯುತ್ತದೆ. ವೀರಗಲ್ಲಿನ ಅಪ್ಸರೆಯರು ಇಲ್ಲಿ ಕಾಣಿಸಿಕೊಳ್ಳುವುದಿಲ್ಲ. ಯುದ್ಧದಲ್ಲಿ ಸತ್ತವನ ಗೌರವವನ್ನು ಇಷ್ಟು ಎತ್ತರಕ್ಕೆ ಒಯ್ದ ಕವಿ, ಅದರ ಬೆಲೆಯನ್ನು ಕಟ್ಟಿದವರು ಯಾರೆಂಬುದನ್ನೂ ಅದೇ ಉಸಿರಿನಲ್ಲಿ ಹೇಳಿಬಿಟ್ಟಿದ್ದಾನೆ. ರನ್ನನ ದುರ್ಯೋಧನನನ್ನು ದುರಂತನಾಯಕನೆಂದು ಗುರುತಿಸಿದ ವಿಮರ್ಶೆ, ಬಿ.ಎಂ.ಶ್ರೀ. ಅವರ ‘ಗದಾಯುದ್ಧ ನಾಟಕ’ದಿಂದ ಬಲ ಪಡೆದ ಆ ಓದು, ಗ್ರೀಕರ ಕಡೆಗೆ ನೋಡಿದ್ದು ಉಚಿತವೇ. ಅದರ ಜೊತೆಗೆ ಈ ನಾಡಿನ ಕಲ್ಲುಗಳ ಕಡೆಗೂ ನೋಡಿದ್ದರೆ ರನ್ನ ಯಾವ ಸಂಪ್ರದಾಯವನ್ನು ಒಳಗಿನಿಂದ ಬಲ್ಲವನಾಗಿ ದಾಟಿಹೋದ ಎಂಬುದು ಇನ್ನಷ್ಟು ಸ್ಪಷ್ಟವಾಗುತ್ತಿತ್ತು.

ದಾಟುವುದು ಸುಲಭದ ಕಾಲವಾಗಿರಲಿಲ್ಲ ಎಂಬುದನ್ನೂ ಗಮನಿಸಬೇಕು. ರಾಜಾದಿತ್ಯನ ತಮ್ಮ ಅರಿಂಜಯ, ಅರಿಂಜಯನ ಮೊಮ್ಮಗ ರಾಜರಾಜ. ತಕ್ಕೋಲದ ಸೋಲಿಗೆ ಚೋಳರು ಎರಡು ತಲೆಮಾರು ಕಾದರು. ಕನ್ನರದೇವನ ವಂಶ ಅಷ್ಟರಲ್ಲಿ ಅಳಿದಿತ್ತು. ಉತ್ತರ ಕೊಡಬೇಕಾಗಿ ಬಂದದ್ದು ಚಾಳುಕ್ಯರು. ಹಾವೇರಿ ಜಿಲ್ಲೆಯ ಹೊಟ್ಟೂರಿನ 1007ರ ಶಾಸನ ಅದನ್ನು ಹೇಳುತ್ತದೆ. ಚೋಳನ ಒಂಬತ್ತು ಲಕ್ಷ ಸೈನ್ಯ ದೋಣವೂರಿನಲ್ಲಿ ಬೀಡುಬಿಟ್ಟು ನಾಡನ್ನು ಸೂರೆಗೈದು ಹೆಂಗಸರು, ಮಕ್ಕಳು, ಬ್ರಾಹ್ಮಣರನ್ನೂ ಕೊಂದಿತೆಂದು ಅದು ಕಿಡಿಕಾರುತ್ತದೆ. ಒಂಬತ್ತು ಲಕ್ಷವೆಂಬುದು ಕೋಪದ ಎಣಿಕೆ. ಕೋಪ ಮಾತ್ರ ನಿಜ. ದೋಣವೂರನ್ನು ವಿಜಯಪುರ ಜಿಲ್ಲೆಯ ದೋಣೂರೆಂದು ಗುರುತಿಸಲಾಗಿದೆ. ಬಾಗೆನಾಡಿನಿಂದ ಕೃಷ್ಣೆಯನ್ನು ದಾಟಿದರೆ ಆ ಸೀಮೆ. ಆ ಸೈನ್ಯವನ್ನು ಹಿಮ್ಮೆಟ್ಟಿಸಿದ ಅರಸನಿಗೆ ಶಾಸನ ಕೊಡುವ ಬಿರುದು ‘ತಿಗುಳಮಾರಿ’, ತಮಿಳರ ಪಾಲಿನ ಮಾರಿ. ಆ ಅರಸ ಇರಿವಬೆಡಂಗ ಸತ್ಯಾಶ್ರಯ. ಅಭಿಮನ್ಯುವಿನ ಹೆಣದ ಮುಂದೆ ದುರ್ಯೋಧನ ಕೈಮುಗಿಯುವ ಕಾವ್ಯವನ್ನು ರನ್ನ ಬರೆದದ್ದೂ ಅವನಿಗಾಗಿಯೇ.